ವರದಿಯಲ್ಲಿ ಕಾಣದ ಹೊಟ್ಟೆನೋವು



ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿರಿ. ಕಾರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಯುವುದನ್ನು ಕಂಡ ಪ್ರವಾದಿ ಎಲೀಯನು ಇಲ್ಲಿ ಅಡವಿಯ ಗಿಡವೊಂದರ ಕೆಳಗೆ ಕುಸಿದು ಕುಳಿತಿದ್ದಾನೆ. ತನಗೆ ಸಾವು ಬರಲಿ ಎಂದು ದೇವರನ್ನು ಬೇಡಿಕೊಂಡು ಅಲ್ಲೇ ಮಲಗಿಬಿಡುತ್ತಾನೆ. ಬಂದ ದೇವದೂತ ಅವನನ್ನು ಗದರಿಸಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲೂ ಇಲ್ಲ. ಮೈಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ತೋರಿಸಿದ. ಉಂಡು ಮತ್ತೆ ಮಲಗಿದವನನ್ನು ಮಲಗಲು ಬಿಟ್ಟ. ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಕೇಳಿಸಿದ್ದು ಇದೆಲ್ಲ ಆದ ಮೇಲೆ.

ಮನಸ್ಸು ಕುಸಿದಾಗ ಮೈಯೂ ಕುಸಿಯುತ್ತದೆ. ಹದಿಹರೆಯದವರಲ್ಲಿ ಎಷ್ಟೋ ಸಲ ಮೈಯೇ ಮೊದಲು ಮಾತನಾಡುತ್ತದೆ. ಖಿನ್ನತೆ ಎಂದರೆ ಮೂಲೆಯಲ್ಲಿ ಕುಳಿತು ಅಳುವುದು ಎಂದು ನಾವು ತಿಳಿದಿದ್ದೇವೆ. ಆದರೆ ಈ ವಯಸ್ಸಿನಲ್ಲಿ ಅದು ಪದೇಪದೇ ಬರುವ ತಲೆನೋವು, ಹೊಟ್ಟೆನೋವು, ಬೆನ್ನುನೋವಾಗಿ ಬರುತ್ತದೆ. ರಾತ್ರಿಯಿಡೀ ನಿದ್ದೆ ಇರುವುದಿಲ್ಲ, ಇಲ್ಲವೇ ಹಗಲೂ ನಿದ್ದೆ. ತಟ್ಟೆಯ ಮುಂದೆ ಕುಳಿತರೂ ಅನ್ನ ಸೇರುವುದಿಲ್ಲ. ಕೆಲವರು ವಿಪರೀತ ತಿನ್ನುತ್ತಾರೆ. ಏನೂ ಮಾಡದೆಯೇ ಆಯಾಸ. ಅಳುವಿನ ಬದಲು ಸಿಡುಕು, ಬಾಗಿಲು ಬಡಿಯುವುದು. ನೋವನ್ನು ಅರಿಯುವ ಮತ್ತು ಮನಃಸ್ಥಿತಿಯನ್ನು ಕಾಯುವ ಮೆದುಳಿನ ದಾರಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹಾಗಾಗಿ ಸ್ಕ್ಯಾನಿಂಗ್ ವರದಿಯಲ್ಲಿ ಏನೂ ಇಲ್ಲ ಎಂದು ಬಂದರೂ ಮಗುವಿನ ಹೊಟ್ಟೆನೋವು ನಿಜವಾದದ್ದೇ. ಅದು ಶಾಲೆ ತಪ್ಪಿಸುವ ನೆಪ ಎಂದು ತೀರ್ಮಾನಿಸಿಬಿಡಬೇಡಿ.

ಕೆ.ಜಿ.ಎಫ್. ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಮ್ಮನ್ನು ನುಂಗಿಕೊಂಡು ಪಾಳಿಗೆ ಇಳಿದ ಅಜ್ಜಂದಿರ ಮೊಮ್ಮಕ್ಕಳು ಈ ಮಕ್ಕಳು. ಗಣಿಯ ಧೂಳು ಶ್ವಾಸಕೋಶದಲ್ಲಿ ಕುಳಿತಿದ್ದು ಎಕ್ಸ್-ರೇಯಲ್ಲಾದರೂ ಕಾಣುತ್ತಿತ್ತು, ಅದಕ್ಕೆ ಸಿಲಿಕೋಸಿಸ್ ಎಂಬ ಹೆಸರೂ ಇತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಮನೆಮನೆಗೆ ಬಂದ ಚಿಂತೆ ಯಾವ ಎಕ್ಸ್-ರೇಯಲ್ಲೂ ಕಾಣಲಿಲ್ಲ. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಂಗಳೂರಿನ ರೈಲು ಹಿಡಿಯುವ ತಂದೆ ಮಕ್ಕಳು ಏಳುವ ಮೊದಲೇ ಹೊರಡುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ. ಮಗ ರಾತ್ರಿ ಮಲಗಿದನೋ, ಬೆಳಿಗ್ಗೆ ತಿಂದನೋ, ಆತನಿಗೆ ಹೇಗೆ ತಿಳಿಯಬೇಕು? ಇದು ದೂರಲ್ಲ, ಹೊಟ್ಟೆಪಾಡು. ಆದರೆ ಭಾನುವಾರವೊಂದಾದರೂ ಉಳಿದಿದೆಯಲ್ಲ.

ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇಂಥದೇ ಆಯಾಸ ತರುತ್ತವೆ, ಪರೀಕ್ಷೆ ಆಗಲಿ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಆಟ, ಸ್ನೇಹಿತರು ಎಲ್ಲದರಲ್ಲೂ ಮಗು ಬದಲಾಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿರಿ. ಮಾತ್ರೆ ಬರೆಸಿಕೊಂಡು ಬರುವ ಅವಸರದಲ್ಲಿ ನಾವು ಹೇಳದೆ ಬಿಡುವುದು ಇದನ್ನೇ.

ಕೆಲವರು ದೃಷ್ಟಿ ತೆಗೆಸುತ್ತಾರೆ. ಕೆಲವರು ಪ್ರಾರ್ಥನಾಕೂಟಕ್ಕೆ ಕರೆದೊಯ್ದು, ಜಪಸರ ತಪ್ಪಿಸಿದ್ದಕ್ಕೇ ಹೀಗಾಯಿತು ಎಂದು ಮಗುವಿನ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸುತ್ತಾರೆ. ಪ್ರಾರ್ಥಿಸಬೇಡಿ ಎನ್ನುತ್ತಿಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ರೋಗಿಗೆ ಪ್ರಾರ್ಥಿಸಲು ಹೇಳಿ, ಅದರ ಬೆನ್ನಲ್ಲೇ ವೈದ್ಯನಿಗೂ ಜಾಗ ಕೊಡಲು ಹೇಳುತ್ತದೆ. ಅವನನ್ನೂ ಸೃಷ್ಟಿಸಿದವರು ದೇವರೇ. ಹನ್ನೆರಡು ವರ್ಷದ ಯಾಯೀರನ ಮಗಳನ್ನು ಪ್ರಭು ಯೇಸು ಕೈಹಿಡಿದು ಎಬ್ಬಿಸಿದ ಮೇಲೆ ಆಡಿದ ಮಾತು ಅವಳ ಊಟದ ಬಗ್ಗೆ ಎಂಬುದನ್ನೂ ಸಂತ ಮಾರ್ಕರು ಮರೆಯದೆ ಬರೆದಿದ್ದಾರೆ.

ಮನೆಯಲ್ಲಿ ಮಾತು ಶುರುಮಾಡುವುದು ಕಷ್ಟವೇ. ಏನಾಗಿದೆ ನಿನಗೆ ಎಂದು ಎದುರು ನಿಲ್ಲಿಸಿ ಕೇಳಿದರೆ ಏನಿಲ್ಲ ಎಂಬ ಉತ್ತರವೇ ಬರುವುದು. ರಾತ್ರಿ ನಿದ್ದೆ ಬಂತಾ ಕಣೋ, ಹೊಟ್ಟೆ ಈಗ ಹೇಗಿದೆಯಮ್ಮಾ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಪಕ್ಕದಲ್ಲಿರಿ. ಎಲೀಯನಂತೆ ಬದುಕು ಸಾಕು ಎಂಬ ಮಾತು ಮಗುವಿನ ಬಾಯಿಂದ ಬಂದರೆ ತಮಾಷೆ ಎಂದುಕೊಳ್ಳಬೇಡಿ, ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ ಹಗಲುರಾತ್ರಿ ಉಚಿತವಾಗಿ ಸಿಗುತ್ತದೆ, ಸಂಖ್ಯೆ 14416. ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು. ಮಗುವೇ ಕರೆಮಾಡಬಹುದು, ಮಗುವಿನ ಚಿಂತೆಯಲ್ಲಿ ನಿದ್ದೆಗೆಟ್ಟ ತಾಯಿಯೂ ಮಾಡಬಹುದು.