ಯಾಯಿರನ ಮನೆಯ ತುತ್ತು



ನವೆಂಬರ್ 14 ಎಂದರೆ ನಮಗೆಲ್ಲ ಮಕ್ಕಳ ದಿನಾಚರಣೆ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರು 1891ರ ನವೆಂಬರ್ 14ರಂದು ಹುಟ್ಟಿದ ಕಾರಣ ಆ ದಿನವನ್ನು ಆರಿಸಿಕೊಂಡರು. ಮಕ್ಕಳು ಮತ್ತು ಮಧುಮೇಹ ಎಂಬ ಎರಡು ಮಾತುಗಳನ್ನು ನಾನು ಮೊದಲು ಒಟ್ಟಿಗೆ ಯೋಚಿಸಿದವಳೇ ಅಲ್ಲ. ನಮ್ಮ ಯುವ ಬಳಗದ ಒಬ್ಬ ಹುಡುಗಿ ಯೋಚಿಸುವಂತೆ ಮಾಡಿದಳು. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಹೇಳುವುದಿಲ್ಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಕಳೆದ ವರ್ಷ ಜಪಸರದ ತಿಂಗಳು. ಭಾನುವಾರ ಸಂಜೆಯ ಕನ್ನಡ ಬಲಿಪೂಜೆಗೆ ಇನ್ನೇನು ಗಂಟೆ ಬಾರಿಸಬೇಕು. ಗಾಯನ ವೃಂದದ ಹಿಂದಿನ ಬೆಂಚಿನಲ್ಲಿ ಹದಿನಾಲ್ಕರ ಈ ಹುಡುಗಿ ತಲೆ ತಗ್ಗಿಸಿಕೊಂಡು ಗಬಗಬನೆ ಬಿಸ್ಕೀಟ್ ತಿನ್ನುತ್ತಿದ್ದಳು. ನಾನು ಹೋಗಿ ಎಲ್ಲರ ಎದುರಿಗೇ, "ಇನ್ನೊಂದು ಗಳಿಗೆಯಲ್ಲಿ ಪ್ರಸಾದ ತಗೋಳೋಳು ನೀನು. ಅಷ್ಟೂ ತಡೆಯೋಕಾಗಲ್ವಾ?" ಎಂದೆ. ಅವಳು ಒಂದು ಮಾತೂ ಆಡದೆ ಪೊಟ್ಟಣವನ್ನು ಚೀಲಕ್ಕೆ ತುರುಕಿದಳು. ಕಾಣಿಕೆಯ ಗೀತೆ ಹಾಡುವಾಗ ಅವಳ ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರು. ಹಾಗೇ ಕುಸಿದು ಕೂತಳು. ಒಬ್ಬರು ದೃಷ್ಟಿ ತಾಗಿದೆ ಎಂದರು, ಇನ್ನೊಬ್ಬರು ಬೆಳಗಿನಿಂದ ಉಂಡಿಲ್ಲವೇನೋ ಎಂದರು. ಆಚೆ ಬೆಂಚಿನಿಂದ ತಾಯಿ ಓಡಿ ಬಂದು ಸಕ್ಕರೆ ನೀರು ಕುಡಿಸಿದಳು. ಹತ್ತು ಹದಿನೈದು ನಿಮಿಷಕ್ಕೆ ಹುಡುಗಿ ಚೇತರಿಸಿಕೊಂಡಳು. ಆದರೆ ಪರಮಪ್ರಸಾದಕ್ಕೆ ಎದ್ದು ಹೋಗಲಿಲ್ಲ.

ಅವಳಿಗೆ ಎರಡು ವರ್ಷದಿಂದ ಟೈಪ್ 1 ಮಧುಮೇಹವಿದೆ ಎಂದು ಅಂದು ಗೊತ್ತಾಯಿತು. ಬಿಎಸ್ಸಿಯಲ್ಲಿ ಮೇದೋಜೀರಕ ಗ್ರಂಥಿಯ ಚಿತ್ರ ಬರೆದು ಅಂಕ ಗಳಿಸಿದವಳು ನಾನು. ಪಕ್ಕದ ಬೆಂಚಿನಲ್ಲಿ ಅದೇ ಪಾಠ ನಡುಗುತ್ತಾ ಕೂತಿದ್ದಾಗ ಗುರುತು ಹಿಡಿಯಲಾಗಲಿಲ್ಲ.

ಈಗ ಸಂತ ಮಾರ್ಕರ ಶುಭಸಂದೇಶದ ಐದನೇ ಅಧ್ಯಾಯಕ್ಕೆ ಬರೋಣ. ಪ್ರಾರ್ಥನಾಮಂದಿರದ ಅಧಿಕಾರಿ ಯಾಯಿರ ಯೇಸುಸ್ವಾಮಿಯ ಪಾದಕ್ಕೆ ಬಿದ್ದು ತನ್ನ ಮಗಳಿಗಾಗಿ ಬೇಡಿಕೊಳ್ಳುತ್ತಾನೆ. ಆ ಮಗುವಿಗೆ ಹನ್ನೆರಡು ವರ್ಷ. ದಾರಿಯಲ್ಲೇ ಮಗಳು ತೀರಿಕೊಂಡಳೆಂಬ ಸುದ್ದಿ ಬರುತ್ತದೆ. ಮನೆ ತುಂಬ ಗೋಳಾಟ, ಗದ್ದಲ. ಸ್ವಾಮಿ ಅಲ್ಲಿ ಏನೇನು ಮಾಡಿದರೆಂದು ನಿಧಾನವಾಗಿ ಓದಿ. ಗದ್ದಲ ಮಾಡುವವರನ್ನೆಲ್ಲ ಹೊರಗೆ ಕಳುಹಿಸಿದರು. ತಂದೆತಾಯಿಯನ್ನೂ ಮೂವರು ಶಿಷ್ಯರನ್ನೂ ಮಾತ್ರ ಒಳಗೆ ಕರೆದುಕೊಂಡರು. ಮಗುವಿನ ಕೈ ಹಿಡಿದರು, ಅವಳ ತಾಯ್ನುಡಿಯಲ್ಲೇ ಕರೆದು ಏಳಿಸಿದರು. ಎಲ್ಲರೂ ಬೆರಗಾಗಿ ನಿಂತಿರುವಾಗ, ಆ ಹುಡುಗಿಗೆ ತಿನ್ನಲು ಕೊಡಬೇಕೆಂದು ಹೇಳಿದರು.

ಸತ್ತವಳನ್ನು ಎಬ್ಬಿಸಿದ ದೇವರಿಗೆ ಅವಳ ಹಸಿವೂ ನೆನಪಿತ್ತು. ಅಷ್ಟು ದೊಡ್ಡ ಅದ್ಭುತದ ನಡುವೆ ಒಂದು ತುತ್ತು ಅನ್ನವನ್ನು ಅವರು ಚಿಕ್ಕದೆಂದು ಬಗೆಯಲಿಲ್ಲ. ನಾನಾದರೋ ಅದೇ ಸ್ವಾಮಿಯ ಮನೆಯಲ್ಲಿ ಒಂದು ಮಗುವಿನ ಕೈಯಿಂದ ಬಿಸ್ಕೀಟ್ ಕಸಿದ ಹಾಗೆ ಮಾಡಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆಯ ಉಪವಾಸ ನಮ್ಮ ಧರ್ಮಸಭೆಯ ನಿಯಮ, ನಿಜ. ಆದರೆ ಅದನ್ನು ಹೇಳುವ ಧರ್ಮಸಭೆಯ ಕಾನೂನಿನ 919ನೇ ವಿಧಿಯೇ ನೀರಿಗೂ ಔಷಧಿಗೂ ವಿನಾಯಿತಿ ಕೊಡುತ್ತದೆ. ವಯಸ್ಸಾದವರು, ಅಸ್ವಸ್ಥರು ಮತ್ತು ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದು ಎನ್ನುತ್ತದೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಕಡ್ಡಾಯವಾಗುವುದೂ ಹದಿನೆಂಟು ತುಂಬಿದ ಮೇಲೆಯೇ. ಆದ್ದರಿಂದ ಸಕ್ಕರೆ ಇಳಿದಾಗ ಬಿಸ್ಕೀಟ್ ತಿಂದ ಮಗು ಯಾವ ಪಾಪವನ್ನೂ ಮಾಡಿಲ್ಲ. ಅದನ್ನು ತಿಳಿಯದೆ ಗದರಿದವಳೇ ಪಾಪನಿವೇದನೆಗೆ ಹೋಗಬೇಕಾಯಿತು, ಹೋದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕ್ರಿಸ್ಮಸ್ ಹತ್ತಿರ ಬಂದಾಗ ಅವಳು ಆಸ್ಪತ್ರೆ ಸೇರಿದಳು. ವಾಂತಿ, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ಕೆಲವು ದಿನಗಳಿಂದ ಇನ್ಸುಲಿನ್ ತೆಗೆದುಕೊಂಡೇ ಇರಲಿಲ್ಲ. ಊರಿನ ಸಂಬಂಧಿಯೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದ್ದರು, ಯಾವುದೋ ಸೊಪ್ಪಿನ ರಸ ಕುಡಿದರೆ ಸೂಜಿಯೇ ಬೇಡವಂತೆ. ಶಾಲೆಯಲ್ಲಿ ಗೆಳತಿಯೊಬ್ಬಳು ಸೂಜಿ ನೋಡಿ, "ಇದು ಅಂಟತೈತೇನ?" ಎಂದು ಕೇಳಿದ್ದಳು. ನಾನು ನೋಡಲು ಹೋದಾಗ ಹುಡುಗಿ ಗೋಡೆ ಕಡೆ ಮುಖ ಮಾಡಿ, "ಅಕ್ಕಾ, ನನಗ ಒಂದಿನ ರಜಾ ಬೇಕಾಗಿತ್ತು. ಈ ಬ್ಯಾನಿಗೆ ರಜಾನ ಇಲ್ಲ" ಎಂದಳು. ಹೊರಗೆ ಜಗಲಿಯಲ್ಲಿ ಕೂತಿದ್ದ ಅವಳ ತಾಯಿ, "ನಾವು ಏನ್ ಪಾಪ ಮಾಡಿದ್ವೋ ಯವ್ವಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಾಯಿಯ ಈ ಪ್ರಶ್ನೆ ಹಳೆಯದು. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರೂ ಇದನ್ನೇ ಕೇಳಿದರು, ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಎಂದು. ಇಬ್ಬರೂ ಅಲ್ಲ ಎಂದು ಯೇಸುಸ್ವಾಮಿ ಖಚಿತವಾಗಿ ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿ ಓದುತ್ತೇವೆ. ವಿಜ್ಞಾನವೂ ಇದನ್ನೇ ಹೇಳುತ್ತದೆ. ನಮ್ಮ ದೇಹವನ್ನು ಕಾಯುವ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡುವುದರಿಂದ ಟೈಪ್ 1 ಬರುತ್ತದೆ. ಸಿಹಿ ತಿಂದಿದ್ದರಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದಿಲ್ಲ, ಯಾರ ಶಾಪವೂ ಅಲ್ಲ.

ನಮ್ಮ ಗೋವಾದಲ್ಲಿ ಗೊಂದಲ ಇನ್ನೂ ಹೆಚ್ಚು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಇಡೀ ದೇಶದಲ್ಲಿ ಮಧುಮೇಹದ ಪ್ರಮಾಣ ಅತಿ ಹೆಚ್ಚಿರುವುದು ಇಲ್ಲೇ, ವಯಸ್ಕರಲ್ಲಿ ಶೇಕಡಾ 26.4. ಮನೆಗೊಬ್ಬರಿಗೆ "ಶುಗರ್" ಇರುವುದರಿಂದ ಎಲ್ಲರೂ ಸಲಹೆ ಕೊಡುವವರೇ. ಆದರೆ ಆ ದೊಡ್ಡವರಲ್ಲಿ ಬಹುಪಾಲು ಮಂದಿಗೆ ಇರುವುದು ಟೈಪ್ 2. ಅಜ್ಜನಿಗೆ ಮಾತ್ರೆ, ನಡಿಗೆ, ಪಥ್ಯ ಸಾಕಾಗಬಹುದು. ಮೊಮ್ಮಗಳಿಗೆ ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಚುಚ್ಚುಮದ್ದು ಪಡೆದ ಮೊದಲ ರೋಗಿ ಲೆನಾರ್ಡ್ ಥಾಂಪ್ಸನ್‌ಗೆ ವಯಸ್ಸು ಹದಿನಾಲ್ಕು, ನಮ್ಮ ಹುಡುಗಿಯ ವಯಸ್ಸೇ. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ದಿನ ಹೆಚ್ಚು ಬದುಕಿಸುವುದಷ್ಟೇ ವೈದ್ಯರ ಕೈಯಲ್ಲಿತ್ತು. ಆ ಸಂಶೋಧಕರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇನ್ಸುಲಿನ್ ದೇವರ ಕೊಡುಗೆ. ಸೂಜಿ ಹಿಡಿದ ಕೈ ಪ್ರಾರ್ಥನೆಯನ್ನು ಬಿಟ್ಟ ಕೈಯಲ್ಲ.

ಇನ್ನು ಮನಸ್ಸಿನ ಮಾತು. ದಿನಕ್ಕೆ ನಾಲ್ಕು ಬಾರಿ ಸೂಜಿ, ಅಷ್ಟೇ ಬಾರಿ ಬೆರಳು ಚುಚ್ಚಿ ರಕ್ತ ಪರೀಕ್ಷೆ, ತಿನ್ನುವ ಪ್ರತಿ ತುತ್ತಿಗೂ ಲೆಕ್ಕ. ಜೊತೆಗೆ ಮನೆಯವರ "ಏನ್ ತಿಂದಿ?" ಎಂಬ ವಿಚಾರಣೆ. ಹರೆಯಕ್ಕೆ ಬರುವಾಗ ದೇಹದ ಹಾರ್ಮೋನುಗಳಿಂದಲೇ ಇನ್ಸುಲಿನ್ ಅಗತ್ಯ ಹೆಚ್ಚುತ್ತದೆ. ಏನೂ ತಪ್ಪು ಮಾಡದೆಯೂ ಸಕ್ಕರೆ ಏರಬಹುದು. ಯಂತ್ರ ತೋರಿಸುವ ಸಂಖ್ಯೆ ಪರೀಕ್ಷೆಯ ಅಂಕವಲ್ಲ, ನಡತೆಯ ಪ್ರಮಾಣಪತ್ರವೂ ಅಲ್ಲ. ಅದನ್ನು ನೋಡಿ ಗದರಿದರೆ ಮಗು ಸುಳ್ಳು ಹೇಳಲು ಕಲಿಯುತ್ತದೆ, ಅಷ್ಟೇ.

ಇವಳಿಗೆ ಬೇಕಾಗಿದ್ದದ್ದು ತನ್ನಂಥವರ ಒಡನಾಟ. ನಮ್ಮ ಕೇರಿಯಲ್ಲಿ ಅಂಥವರಿರಲಿಲ್ಲ, ಅಥವಾ ಇದ್ದರೂ ಅಡಗಿದ್ದರು. ಆಗ ವೈದ್ಯರನ್ನು ಕೇಳಿಯೇ ಫೋನಿನಲ್ಲಿ ಹುಡುಕಿದೆವು. ಟೈಪ್ 1 ಇರುವವರೇ ಕಟ್ಟಿದ ಬಳಗಗಳು ನಮ್ಮ ದೇಶದಲ್ಲಿವೆ. ಅಹಮದಾಬಾದಿನ ಜ್ಯಾಜ್ ಸೇಥಿ ಅವರು ಆರಂಭಿಸಿದ ಡಯಾಬೆಸ್ಟೀಸ್ ಫೌಂಡೇಶನ್, ಬ್ಲೂ ಸರ್ಕಲ್ ಡಯಾಬಿಟಿಸ್ ಫೌಂಡೇಶನ್ ಇಂಥವು. ಆನ್‌ಲೈನಿನಲ್ಲಿ ಸೇರುತ್ತಾರೆ, ಕಲಿಸುತ್ತಾರೆ, ಕೇಳಿಸಿಕೊಳ್ಳುತ್ತಾರೆ. ಒಂದು ಸಂಜೆ ನಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಕೂತು ನಾವೂ ಒಂದು ಆನ್‌ಲೈನ್ ಸಭೆಗೆ ಸೇರಿದೆವು. ಇವಳು ಕ್ಯಾಮೆರಾ ಮುಚ್ಚಿಕೊಂಡಿದ್ದಳು. ಇನ್ನಾವುದೋ ರಾಜ್ಯದ ಹುಡುಗನೊಬ್ಬ, ಶಾಲೆಯ ಶೌಚಾಲಯದಲ್ಲಿ ಬಚ್ಚಿಟ್ಟುಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ ಎಂದು ಹಿಂದಿಯಲ್ಲಿ ಹೇಳಿದ. ಇವಳು ನನ್ನ ಕಡೆ ತಿರುಗಿ, "ನಾನೂ ಹಂಗ ಮಾಡ್ತೀನಿ ಅಕ್ಕಾ" ಎಂದಳು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಕ್ಯಾಮೆರಾ ತೆರೆದಳು.

ಆದರೆ ಅವಳ ತಾಯಿ ಬಾಗಿಲ ಬಳಿ ಸುಮ್ಮನೆ ಕೂತಿದ್ದಳು. ಅಲ್ಲಿ ನಡೆದದ್ದು ಹಿಂದಿ, ಇಂಗ್ಲಿಷ್. ಆಸ್ಪತ್ರೆಯಲ್ಲಿ ಮಾತು ಕೊಂಕಣಿ, ಚೀಟಿ ಇಂಗ್ಲಿಷ್. ಅಡುಗೆ ಮಾಡಿ ಬಡಿಸುವ ತಾಯಿಗೆ ಬರುವುದು ಕನ್ನಡವೊಂದೇ. ಪುಸ್ತಕದಲ್ಲಿ ಚಪಾತಿಯ ಲೆಕ್ಕವಿದೆ, ಅವರ ಮನೆಯಲ್ಲಿ ಬಡಿಯುವುದು ಜೋಳದ ರೊಟ್ಟಿ. ಹೀಗಾಗಿ ತಾಯಿ, ಮಗಳು, ನಾನು ಮೂವರೂ ಕೂತು ರೊಟ್ಟಿ ತೂಗಿದೆವು, ಅನ್ನಕ್ಕೆ ಒಂದು ಬಟ್ಟಲು ಗೊತ್ತುಮಾಡಿದೆವು, ಆಸ್ಪತ್ರೆಯ ಆಹಾರ ತಜ್ಞರಿಗೆ ತೋರಿಸಿ ಸರಿಮಾಡಿಸಿದೆವು. ಆಮೇಲೆ ಹುಡುಗಿ ಅದನ್ನೆಲ್ಲ ಕನ್ನಡದಲ್ಲಿ ತನ್ನ ದನಿಯಲ್ಲೇ ಫೋನಿಗೆ ತುಂಬಿದಳು. ಈಗ ಇನ್ನೆರಡು ಮನೆಗಳಲ್ಲಿ ಅದನ್ನು ಕೇಳುತ್ತಿದ್ದಾರೆ. ಅಡಗಿದ್ದವರು ಹೀಗೆ ಒಬ್ಬೊಬ್ಬರಾಗಿ ಹೊರಬಂದರು.

ಪಂಚಾಶತ್ತಮ ಹಬ್ಬದಂದು ಪವಿತ್ರಾತ್ಮರು ಇಳಿದು ಬಂದಾಗ ಪ್ರತಿಯೊಬ್ಬರೂ ತಂತಮ್ಮ ನುಡಿಯಲ್ಲೇ ಕೇಳಿಸಿಕೊಂಡರಲ್ಲವೇ? ಕೊಂಕಣಿ, ಇಂಗ್ಲಿಷ್, ಮರಾಠಿ, ಹಿಂದಿಗಳ ನಡುವೆ ಬಾಳುವ ನಮಗೆ ಆ ವರ ದಿನನಿತ್ಯವೂ ಬೇಕು. ಎರಡು ಭಾಷೆ ಬಲ್ಲ ಯುವಜನರೇ, ವೈದ್ಯರ ಮಾತನ್ನು ಒಬ್ಬ ತಾಯಿಗೆ ಕನ್ನಡದಲ್ಲಿ ತಿಳಿಸಿ ಹೇಳುವುದೂ ಸುವಾರ್ತಾ ಸೇವೆಯೇ.

ಆದ್ದರಿಂದ ಈ ತಿಂಗಳು ನಾವು ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ಮಗುವಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಕೆ ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಇದರ ಜೊತೆ ವಾಂತಿ, ಏದುಸಿರು ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಮಧುಮೇಹವಿರುವ ಮಗು ನಡುಗಿ ಬೆವರಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ.

ಫೋನಿನಲ್ಲಿ ಸ್ನೇಹ, ಧೈರ್ಯ, ತಿಳುವಳಿಕೆ ಎಲ್ಲವೂ ಸಿಗುತ್ತವೆ. ಆದರೆ ಇನ್ಸುಲಿನ್ ಪ್ರಮಾಣವನ್ನು ಬದಲಿಸಬೇಕಾದವರು ನಿಮ್ಮ ವೈದ್ಯರು ಮಾತ್ರ. ಇನ್ಸುಲಿನ್ ಬಿಡಿ ಎನ್ನುವ ಯಾವ ವಿಡಿಯೊವನ್ನೂ ನಂಬಬೇಡಿ, ಮುಂದಕ್ಕೆ ಕಳಿಸಲೂ ಬೇಡಿ.

ಮನಸ್ಸು ಭಾರವಾದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡುತ್ತಾರೆ. ಮಕ್ಕಳಿಗಷ್ಟೇ ಅಲ್ಲ, ಕಣ್ಣೀರು ನುಂಗಿಕೊಂಡ ತಾಯಂದಿರಿಗೂ ಇದು ಇದೆ.

ಹಿರಿಯರೇ, ಈ ಮಕ್ಕಳ ಮದುವೆಯ ಚಿಂತೆಯನ್ನು ಅವರ ಎದುರಿಗೆ ಆಡಬೇಡಿ. ಯಾಯಿರನ ಮನೆಯಲ್ಲಿ ಹಾಗೆ ಗೋಳಾಡಿದವರನ್ನೇ ಸ್ವಾಮಿ ಹೊರಗೆ ಕಳುಹಿಸಿದ್ದು.

ಅವಳು ಈಗ ಮತ್ತೆ ಹಾಡುತ್ತಿದ್ದಾಳೆ. ಬೇಸರದ ದಿನಗಳು ಈಗಲೂ ಬರುತ್ತವೆ. ಅಂಥ ದಿನ, "ಇವತ್ತ ರಜಾ ಬೇಕಕ್ಕಾ" ಎಂದು ಸಂದೇಶ ಕಳಿಸುತ್ತಾಳೆ. ರಜೆ ಕೊಡುವುದು ನನ್ನ ಕೈಯಲ್ಲಿಲ್ಲ. ಅವಳ ಮನೆಗೆ ಹೋಗಿ, ಅವಳು ಸೂಜಿ ಚುಚ್ಚಿಕೊಳ್ಳುವಾಗ ಪಕ್ಕದಲ್ಲಿ ಕೂತು ಬರುತ್ತೇನೆ. ಹಾಡಿನ ಪುಸ್ತಕಗಳ ಚೀಲದಲ್ಲಿ ಈಗ ಗ್ಲೂಕೋಸ್ ಪೊಟ್ಟಣವೂ ಇರುತ್ತದೆ. ಎಲ್ಲಿದೆಯೆಂದು ಗಾಯನ ವೃಂದದ ಎಲ್ಲರಿಗೂ ಗೊತ್ತು. ಕಳೆದ ಭಾನುವಾರ ಅವಳು ಮುಂದಿನ ಬೆಂಚಿನಲ್ಲೇ ಕೂತು ಎರಡು ಬಿಸ್ಕೀಟ್ ತಿಂದಳು, ಆಮೇಲೆ ಸಾಲಿನಲ್ಲಿ ನಿಂತು ಪ್ರಸಾದ ಸ್ವೀಕರಿಸಿದಳು. ಅವಳ ಹಿಂದೆ ನಾನಿದ್ದೆ.

ಪ್ರಾರ್ಥಿಸೋಣ: ಯಾಯಿರನ ಮಗಳ ಕೈ ಹಿಡಿದ ಪ್ರಭುವೇ, ನಮ್ಮ ನಡುವೆ ಮಧುಮೇಹದೊಡನೆ ಬೆಳೆಯುತ್ತಿರುವ ಮಕ್ಕಳ ಕೈ ಹಿಡಿಯಿರಿ. ಅವರ ತಂದೆತಾಯಿಯ ಮನಸ್ಸಿನಿಂದ ಪಾಪಭಯವನ್ನು ತೆಗೆಯಿರಿ. ತಿಳಿಯದೆ ನೋಯಿಸಿದ ನಮ್ಮನ್ನು ಕ್ಷಮಿಸಿರಿ. ಹಸಿದವರಿಗೆ ಹೊತ್ತಿಗೆ ಸರಿಯಾಗಿ ತುತ್ತು ಕೊಡುವ ಕಣ್ಣನ್ನೂ ಕೈಯನ್ನೂ ನಮಗೆ ದಯಪಾಲಿಸಿರಿ. ದೇವಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.