ಶೌಕ್ ಮತ್ತು ಶೋಕಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳ ಮುಂದೆ ಹೊಚ್ಚ ಹೊಸ ಬೈಕುಗಳು ನಿಂತಿರುತ್ತವೆ. ಹ್ಯಾಂಡಲ್, ಕನ್ನಡಿ, ಸೀಟು, ಸೈಲೆನ್ಸರ್ ಎಲ್ಲವೂ ಬದಲಾಗಬೇಕು. ಕಂತು ಕಟ್ಟುವ ಹುಡುಗ ಒಂದೇ ಅಚ್ಚಿನ ಸಾವಿರಾರು ಗಾಡಿಗಳ ನಡುವೆ ತನ್ನದಕ್ಕೊಂದು ಗುರುತು ಬಯಸಿದರೆ ಅದನ್ನು ನಾವು ತಪ್ಪೆನ್ನಲಾರೆವು.

ಉರ್ದುವಿನಲ್ಲಿ ‘ಶೌಕ್’ ಎಂದರೆ ಒಲವು, ತವಕ. ಆ ಪದ ಕನ್ನಡದಲ್ಲಿ ‘ಶೋಕಿ’ಯಾದಾಗ ಅದಕ್ಕೆ ನೋಡುವವರು ಬೇಕಾದರು. ಬೆನ್ನಿಗೆ ಒಗ್ಗುವ ಸೀಟು, ಹಿಡಿತವಿರುವ ಟೈರು ಶೌಕ್. ಆದರೆ ಸೈಲೆನ್ಸರ್? ಅದರೊಳಗಿನ ತಡೆಗಳಿರುವುದೇ ಸದ್ದು ತಗ್ಗಿಸಲು. ಅದನ್ನು ಕಿತ್ತು ಟೊಳ್ಳು ಕೊಳವೆ ಹಾಕಿಸುವುದು ಪರರ ಕಿವಿಗಾಗಿಯೇ. ದುಡ್ಡು ನಮ್ಮದು, ಗಾಡಿ ನಮ್ಮದು, ನಿಜ. ಸದ್ದು ಮಾತ್ರ ನಮ್ಮಲ್ಲಿ ಉಳಿಯುವುದಿಲ್ಲ. ಈಗಷ್ಟೇ ಕಣ್ಣು ಮುಚ್ಚಿದ ಕೂಸು, ಪರೀಕ್ಷೆಗೆ ಓದುವ ಹುಡುಗಿ, ನಮಾಝಿಗೆ ನಿಂತವರು, ಎದೆನೋವಿನ ಮುದುಕರು, ಎಲ್ಲರ ಮನೆಗೂ ಅದು ಹೇಳದೆ ಕೇಳದೆ ನುಗ್ಗುತ್ತದೆ.

ಕಾನೂನು ಸುಮ್ಮನಿಲ್ಲ. ತಯಾರಕರ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಶಬ್ದದ ಮಿತಿ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡವಿದೆ. ವಶಪಡಿಸಿಕೊಂಡ ಸೈಲೆನ್ಸರುಗಳ ಮೇಲೆ ನಮ್ಮ ಊರುಗಳ ಪೊಲೀಸರು ರೋಡ್ ರೋಲರ್ ಹರಿಸಿದ್ದೂ ಉಂಟು. ಆದರೆ ರೋಲರಿಗೆ ಚಪ್ಪಟೆಯಾಗುವುದು ಕಬ್ಬಿಣ, ಶೋಕಿಯಲ್ಲ.

ಅದಕ್ಕೆ ಬೇರೆಯೇ ಲೆಕ್ಕ ಬೇಕು. ಅಲ್ಲಾಹನ ಹಕ್ಕಿನಲ್ಲಿ ಲೋಪವಾದರೆ ತೌಬಾದ ಬಾಗಿಲು ತೆರೆದಿದೆ. ಹುಕೂಕುಲ್ ಇಬಾದ್, ಅಂದರೆ ಜನರ ಹಕ್ಕು, ಹಾಗಲ್ಲ. ನೊಂದವರೇ ಮನ್ನಿಸಬೇಕು ಎಂದು ಹಿರಿಯರು ನಮಗೆ ಕಲಿಸಿದ್ದಾರೆ. ನಡುರಾತ್ರಿ ಒಂದು ಬೀದಿಯನ್ನು ಎಬ್ಬಿಸಿ ಹೋದವನು ಯಾವ ಯಾವ ಬಾಗಿಲು ತಟ್ಟಿಯಾನು?