ಆಪನ್ನರಕ್ಷಣೆಯೂ ಶತ್ರುವಿನ ಅಧರ್ಮವೂ

ಪ್ರತಿಪಕ್ಷದವನು ಧರ್ಮವನ್ನು ಮೀರಿದನೆಂದರೆ ನಮಗೂ ಅದರ ಕಟ್ಟು ತಪ್ಪಿತೇ? ಸೌಪ್ತಿಕಪರ್ವದಲ್ಲಿ ನಿದ್ರಿಸುವವರನ್ನು ಕೊಲ್ಲಹೊರಟ ಅಶ್ವತ್ಥಾಮನು, ತಡೆಯಬಂದ ಕೃಪಾಚಾರ್ಯರಿಗೆ ಹೇಳಿದ ಸಮಾಧಾನವು ಇದೇ: ಧರ್ಮದ ಕಟ್ಟೆಯನ್ನು ಪಾಂಡವರೇ ಮೊದಲು ಒಡೆದರು. ಎರಡನೆಯ ಮಹಾಯುದ್ಧದಲ್ಲಿ ಇದೇ ವಾದವು ಸಮುದ್ರದ ಮೇಲೆ ಮರಳಿ ಕೇಳಿಸಿತು.

ಜಲಾಂತರ್ಗಾಮಿಯ ಬಲವೆಲ್ಲವೂ ಮರೆಯಲ್ಲಿದೆ. ಮೇಲೆ ಬಂದು ಎಚ್ಚರಿಕೆ ಕೊಟ್ಟರೆ ಅದಕ್ಕೇ ಅಪಾಯ. ಆದರೂ ವರ್ತಕರ ಹಡಗನ್ನು ಮುಳುಗಿಸುವ ಮುನ್ನ ಅದರೊಳಗಿನ ಜನರನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸತಕ್ಕದ್ದೆಂದು 1936ರ ಲಂಡನ್ ಒಡಂಬಡಿಕೆಯು ವಿಧಿಸಿತ್ತು. ಜರ್ಮನಿಯೂ ಅದಕ್ಕೆ ಸಮ್ಮತಿಸಿತ್ತು. ಯುದ್ಧವು ಬಂದೊಡನೆ ಈ ವಿಧಿಯು ಕಾಗದದಲ್ಲಿಯೇ ಉಳಿಯಿತು.

1942ರ ಸೆಪ್ಟೆಂಬರ್ 12ರಂದು ಪಶ್ಚಿಮ ಆಫ್ರಿಕದ ಆಚೆಯ ಸಮುದ್ರದಲ್ಲಿ ಯು-156 ಎಂಬ ಜರ್ಮನ್ ಜಲಾಂತರ್ಗಾಮಿಯು 'ಲಕೋನಿಯಾ' ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿತು. ಅದರಲ್ಲಿ ಫಿರಂಗಿಗಳಿದ್ದುವು, ಸೈನಿಕರಿದ್ದರು. ಸ್ತ್ರೀಯರೂ ಮಕ್ಕಳೂ ಸುಮಾರು 1,800 ಇಟಾಲಿಯನ್ ಸೆರೆಯಾಳುಗಳೂ ಇದ್ದರು. ನಾಯಕನಾದ ಹಾರ್ಟೆನ್‌ಸ್ಟೈನನನ್ನು ಮೊದಲು ಎಚ್ಚರಿಸಿದುದು ಮಿತ್ರರಾಜ್ಯದವರಾದ ಆ ಇಟಾಲಿಯನ್ನರ ಆರ್ತನಾದ. ಆದರೆ ಎತ್ತಿಕೊಳ್ಳುವಾಗ ಅವನು ಸ್ವಪಕ್ಷ ಪರಪಕ್ಷಗಳೆಂದು ಎಣಿಸಲಿಲ್ಲ. ನೆರವಿಗೆ ಬರುವ ಹಡಗಿನ ಮೇಲೆ, ಅದು ತನ್ನನ್ನು ಹೊಡೆಯದಿದ್ದರೆ, ತಾನೂ ಕೈಮಾಡೆನೆಂದು ಇಂಗ್ಲಿಷಿನಲ್ಲಿಯೇ ನಿಸ್ತಂತುವಿನ ಮೂಲಕ ಸಾರಿದನು. ರೆಡ್‌ಕ್ರಾಸ್ ಬಾವುಟವನ್ನು ಹಾಸಿದನು. 16ರಂದು ಅಮೆರಿಕದ ವಿಮಾನವೊಂದು ಅವನ ಮೇಲೆ ಬಾಂಬುಗಳನ್ನು ಸುರಿಯಿತು. ಒಂದು ಬಾಂಬು ದೋಣಿಗಳ ನಡುವೆಯೇ ಬಿದ್ದಿತು. ಅವನು ಆಶ್ರಿತರನ್ನು ಬಿಟ್ಟು ನೀರಿನೊಳಗೆ ಇಳಿಯಬೇಕಾಯಿತು. ಮರುದಿನವೇ ನೌಕಾಧಿಪತಿ ಡೋನಿಟ್ಸನು, ಮುಳುಗಿದ ಹಡಗಿನವರನ್ನು ಇನ್ನು ಯಾರೂ ರಕ್ಷಿಸಕೂಡದೆಂದು ಆಜ್ಞಾಪಿಸಿದನು.

ಇಲ್ಲಿ ವಿವೇಚಿಸತಕ್ಕ ಸೂಕ್ಷ್ಮವೊಂದಿದೆ. ತನ್ನ ನಾವಿಕರ ಪ್ರಾಣವೂ ಹಾರ್ಟೆನ್‌ಸ್ಟೈನನ ಹೊಣೆಯೇ ಆದುದರಿಂದ ಅವನು ಮುಳುಗಿ ತಪ್ಪಿಸಿಕೊಂಡುದು ಆಪದ್ಧರ್ಮ. ಡೋನಿಟ್ಸನಾದರೋ ಆ ಆಪದ್ಧರ್ಮವನ್ನೇ ನಿತ್ಯಧರ್ಮವನ್ನಾಗಿ ಮಾಡಿದನು. ದೋಷವಿರುವುದು ಇಲ್ಲಿ.

ಒಡಂಬಡಿಕೆಯಾದರೆ, ಒಬ್ಬನು ಮುರಿದಾಗ ಮತ್ತೊಬ್ಬನಿಗೂ ಬಿಡುಗಡೆಯುಂಟೆನ್ನಬಹುದು. ಆದರೆ ನೀರಿನಲ್ಲಿ ಕೈಚಾಚಿದ ಶಿಶುವು ಯಾವ ಒಡಂಬಡಿಕೆಯನ್ನು ಮುರಿದಿದೆ? ವಿಮಾನದವನ ಅಪರಾಧಕ್ಕೆ ಅದು ದಂಡ ತೆರಬೇಕೆ? 1946ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಧೀಶರು, ಬ್ರಿಟನ್ ಅಮೆರಿಕಗಳ ನಡತೆಯನ್ನೂ ನೋಡಿ, ಡೋನಿಟ್ಸನ ದಂಡವನ್ನು ಜಲಾಂತರ್ಗಾಮಿಯುದ್ಧದ ನಿಯಮಭಂಗದ ಮೇಲೆ ನಿರ್ಣಯಿಸಲಿಲ್ಲ. ಆದರೆ ನಿಯಮವೇ ಸತ್ತಿತೆಂದೂ ಹೇಳಲಿಲ್ಲ.

ತನ್ನ ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಕಟ್ಟಿತಂದಾಗ, ಇವನ ತಾಯಿಯೂ ತನ್ನಂತೆ ಅಳುವುದು ಬೇಡವೆಂದು ದ್ರೌಪದಿಯು ಬಿಡಿಸಿದಳೆಂದು ಭಾಗವತವು ಹೇಳುತ್ತದೆ. ಕಟ್ಟೆಯನ್ನು ಮೊದಲು ಒಡೆದವರು ಯಾರೆಂದು ಅವಳು ಕೇಳಲಿಲ್ಲ.